ಓದುಗರ ಪ್ರಶ್ನೆ: ಹಳೇ ರಿವಾಲ್ವರ್‌ಗೆ ಪಾಲಿಶ್ ಆಮೇಲೆ

ಪ್ರಶ್ನೆ: ತೀರಿಹೋದ ತಂದೆಯವರ .32 ವೆಬ್ಲಿ ರಿವಾಲ್ವರ್‌ನ ಲೈಸೆನ್ಸ್ ಈಗ ನನ್ನ ಹೆಸರಿಗಾಗಿದೆ. ಬಣ್ಣ ಹೋಗಿದೆ, ಸಿಲಿಂಡರ್ ಅಲ್ಲಾಡುತ್ತದೆ. ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ ಬಳಸಬಹುದೇ? ಪರಿಚಯದ ಲೇತ್‌ನವರು ಸರಿಮಾಡಿಕೊಡುತ್ತೇನೆ ಅನ್ನುತ್ತಾರೆ.
- ಓದುಗರು, ಚಿತ್ರದುರ್ಗ

ಉತ್ತರ: ಲೇತ್‌ನವರಿಗೆ ಕೊಡಲೇಬೇಡಿ. ಅವರ ಕೈ ಎಷ್ಟೇ ಪಳಗಿರಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿ ಅಂಗಡಿಗೂ ಲೈಸೆನ್ಸ್ ಬೇಕು. ನಿಮ್ಮ ಕೆಲಸ ಪರೀಕ್ಷೆ ಮತ್ತು ಶುಚಿ, ಅಷ್ಟೇ.

ಮೊದಲು ರಿವಾಲ್ವರನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ಸಿಲಿಂಡರ್‌ನ ಆರೂ ಮನೆ (ತೋಟಾ ಕೂರುವ ತೂತು) ಖಾಲಿ ಇವೆಯೆಂದು ಬೆರಳಿಟ್ಟು ನೋಡಿ. ಮುಚ್ಚಿ, ಒಂದು ಬೆರಳನ್ನು ಸಿಲಿಂಡರ್‌ಗೆ ಮೆಲ್ಲಗೆ ಒತ್ತಿ ಹಿಡಿದು ಹ್ಯಾಮರ್ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಹಿಂದೆ ಹೋಗಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ಬೀಗ ಬಿದ್ದಂತೆ ನಿಂತಿರಬೇಕು. ಹ್ಯಾಮರ್‌ಗೆ ಹೆಬ್ಬೆರಳು ಕೊಟ್ಟು ಇಳಿಸಿ, ಹೀಗೆ ಆರೂ ಮನೆ ನೋಡಿ. ಐದು ಸರಿಯಿದ್ದು ಒಂದು ತಪ್ಪುವುದೇ ಹೆಚ್ಚು. ಒಂದೇ ಮನೆ ತಪ್ಪಿದರೆ ಸಿಲಿಂಡರ್ ಹಿಂಬದಿಯ ಆ ಹಲ್ಲು ಸವೆದಿದೆ, ಎಲ್ಲವೂ ತಪ್ಪಿದರೆ ಸಿಲಿಂಡರ್ ತಿರುಗಿಸುವ ಕೊಕ್ಕೆಯೇ ಸವೆದಿರುತ್ತದೆ. ಹಾಗೇ ಹೊಡೆದರೆ ಮನೆಗೂ ನಳಿಗೆಗೂ ನೇರ ಸಿಗದೆ ಗುಂಡು ಅಂಚಿಗೆ ಕೆರೆದು, ಸೀಸದ ಚೂರು ಪಕ್ಕದಲ್ಲಿ ನಿಂತವರ ಮುಖಕ್ಕೆ ಸಿಡಿಯುತ್ತದೆ.

ಇನ್ನು ಸ್ಪಾರ್ಕ್‌ಪ್ಲಗ್ ಸೆಟ್ ಮಾಡುವ ಫೀಲರ್ ಗೇಜ್ ತನ್ನಿ. ಸಿಲಿಂಡರ್ ಹಿಂದಕ್ಕೆ ಒತ್ತಿ, ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದು ಅಳೆಯಿರಿ. 0.10ರಿಂದ 0.25 ಮಿ.ಮೀ. ಒಳಗಿದ್ದರೆ ಸರಿ. ಮುಂದಕ್ಕೆ ಒತ್ತಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ 0.08 ಮಿ.ಮೀ. ದಾಟಿದರೆ ರಿಪೇರಿಗೆ ಹೋಗಬೇಕು. ವೆಬ್ಲಿ ಮಧ್ಯದ ಕೀಲಿನಲ್ಲಿ ಬಗ್ಗಿಸಿ ತೆರೆಯುವ ಬಗೆಯದು. ಮುಚ್ಚಿದ ಮೇಲೆ ನಳಿಗೆಯ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಮೇಲಿನ ಚಿಲಕವೋ ಕೀಲೋ ಸವೆದಿದೆ.

ಕೊನೆಗೆ ಹ್ಯಾಮರ್ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಲ್ಲಿ ಸಾಧಾರಣ ಬಲದಿಂದ ತಳ್ಳಿ. ಬಿದ್ದುಹೋದರೆ ಅಂದೇ ಎತ್ತಿಡಿ. ಹ್ಯಾಮರನ್ನು ಹಿಡಿದು ನಿಲ್ಲಿಸುವ ಕಚ್ಚಿಗೆ ಅರ ಹಾಕಿದರೆ ಮೇಲಿನ ತೆಳು ಗಟ್ಟಿ ಪದರ ಹೋಗಿ, ನಾಲ್ಕು ದಿನದಲ್ಲಿ ಮೊದಲಿಗಿಂತ ಕೆಡುತ್ತದೆ.

ಇದರಲ್ಲೆಲ್ಲ ಪಾಸಾದರೆ ಮಾತ್ರ ತುಕ್ಕಿನ ಮಾತು. ಸೀಮೆಎಣ್ಣೆ ಸವರಿ ಒಂದು ದಿನ ಬಿಟ್ಟು, 0000 ನಂಬರಿನ ಉಕ್ಕಿನ ಉಣ್ಣೆಯಿಂದ ಮೆಲ್ಲಗೆ ಉಜ್ಜಿ, ಒರೆಸಿ, ಎಣ್ಣೆ ಹಚ್ಚಿ. ಹಿತ್ತಾಳೆ ಬೆಳಗಿದ ಹಾಗೆ ಹುಣಸೆಹಣ್ಣು ಹಾಕಿದರೆ ಉಳಿದ ಕಪ್ಪು ಬಣ್ಣವೂ ತುಕ್ಕಿನ ಜೊತೆಗೇ ಹೋಗುತ್ತದೆ. ಆ ಬಣ್ಣವೂ ಕಬ್ಬಿಣದ ಆಕ್ಸೈಡೇ ತಾನೆ.

ಪ್ರಶ್ನೆ: ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ ರಿವಾಲ್ವರ್ ತುಕ್ಕು ಹಿಡಿದು ಬಂತು. ಕೊಬ್ಬರಿ ಎಣ್ಣೆ ಹಚ್ಚಿ, ಚರ್ಮದ ಚೀಲದಲ್ಲೇ ಇಟ್ಟಿದ್ದೆ.
- ಓದುಗರು, ದಾವಣಗೆರೆ

ಉತ್ತರ: ತಪ್ಪು ಚೀಲದ್ದೇ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ಉಪ್ಪೂ ಅದರಲ್ಲಿರುತ್ತದೆ. ಮುಂದಿನ ಸಲ ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಳಗ್ಗೆ ಒಳಭಾಗ ಅಂಟಿಕೊಂಡೀತು. ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಸಾಕು.

ಪ್ರಶ್ನೆ: .32 ಪಿಸ್ತೂಲಿನ ತೋಟಾ ರಿವಾಲ್ವರ್‌ಗೆ ಹಿಡಿಯುತ್ತದೆ. ಹೊಡೆಯಬಹುದೇ?
- ಓದುಗರು, ಹಿರಿಯೂರು

ಉತ್ತರ: ಬೇಡ. ಹೆಸರು ಒಂದೇ, ತೋಟಾ ಬೇರೆ. ಪಿಸ್ತೂಲಿನದು 7.65 ಮಿ.ಮೀ.ನದು, ಅದರ ಒತ್ತಡ ಹೆಚ್ಚು. ಹಳೇ ಸಿಲಿಂಡರ್ ಅದಕ್ಕೆಂದು ಮಾಡಿದ್ದಲ್ಲ. ಡಬ್ಬದ ಮೇಲೆ ‘ರಿವಾಲ್ವರ್’ ಎಂದಿರುವುದನ್ನು ಓದಿಯೇ ಕೊಳ್ಳಿ.