ಡಿ ಆ್ಯಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಎಂಬ ಪಾತ್ರ ವಹಿಸಿ ಆಡುವ ದಾಳದಾಟದಲ್ಲಿ ಯೋಧ ಪಾತ್ರವಾದ ಫೈಟರ್‌ನ ‘ಇನ್‌ಡಾಮಿಟಬಲ್’ ಶಕ್ತಿ ಮಂತ್ರಗಳಿಗೆ ಎದುರು ನಿಲ್ಲುತ್ತಾ?

ನಿಲ್ಲುತ್ತದೆ, ಆದರೆ ಯಾವ ವರ್ಷದ ನಿಯಮದಲ್ಲಿ ಆಡ್ತೀರಿ ಅನ್ನೋದು ಮುಖ್ಯ. 9ನೇ ಲೆವೆಲ್‌ನಲ್ಲಿ ಸಿಗುವ ಈ ಶಕ್ತಿಯಿಂದ ಸೋತ ಸೇವಿಂಗ್ ಥ್ರೋವನ್ನು (ಮಂತ್ರದಂಥ ಅಪಾಯದಿಂದ ಪಾರಾಗಲು ಹಾಕುವ ದಾಳ) ಇನ್ನೊಮ್ಮೆ ಹಾಕಬಹುದು. ಲಾಂಗ್ ರೆಸ್ಟ್ (ಆಟದೊಳಗಿನ ದೀರ್ಘ ವಿಶ್ರಾಂತಿ) ಆಗುವ ತನಕ ಒಂದೇ ಸಲ. 13ನೇ ಲೆವೆಲ್‌ಗೆ ಎರಡು, 17ಕ್ಕೆ ಮೂರು.

2014ರ ನಿಯಮದಲ್ಲಿ ಇದು ಸುಮ್ನೆ ಹೆಸರಿಗೆ. ಮಾಂತ್ರಿಕ ಮೈ ಮರಗಟ್ಟಿಸುವ ‘ಹೋಲ್ಡ್ ಪರ್ಸನ್’ ಮಂತ್ರ ಹಾಕಿದ, ಡಿಸಿ (ಪಾರಾಗಲು ಮುಟ್ಟಬೇಕಾದ ಸಂಖ್ಯೆ) 15, ದಾಳಕ್ಕೆ ಕೂಡಿಸುವ ನಿಮ್ಮ ವಿಸ್ಡಮ್ ಬೋನಸ್ ಸೊನ್ನೆ ಅಂದುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಜಾಸ್ತಿ ಬೀಳಬೇಕು. ಅವಕಾಶ ಶೇ 30. ಮತ್ತೆ ಹಾಕಿದರೂ ಅದೇ 30, ಅಲ್ವಾ?

2024ರ ನಿಯಮದಲ್ಲಿ ಎರಡನೇ ಸಲ ಹಾಕುವಾಗ ನಿಮ್ಮ ಫೈಟರ್ ಲೆವೆಲ್ಲನ್ನೂ ಕೂಡಿಸುತ್ತೀರಿ. 9 ಸೇರಿದರೆ ದಾಳದಲ್ಲಿ 6 ಬಿದ್ದರೂ ಸಾಕು, ಶೇ 75! ಬೆಂಕಿಯುಂಡೆಗೆ ಇದನ್ನು ಖರ್ಚು ಮಾಡಬೇಡಿ. ಮೈ ಮರಗಟ್ಟಿಸುವ ಮಂತ್ರಕ್ಕೆ ಉಳಿಸಿಕೊಳ್ಳಿ.