ಮಾಷ್ಟ್ರ ಪೆಟ್ಟು ಮರೆತರೂ ಕ್ಲಾಸಿನ ಎದುರು ಆದ ಅವಮಾನ ಯಾಕೆ ಮರೆಯುವುದಿಲ್ಲ?

ಯಾಕೆಂದರೆ ಅಲ್ಲಿ ಇಡೀ ಕ್ಲಾಸು ನೋಡುತ್ತಿರುತ್ತದೆ, ಮಗು ತಿರುಗಿ ಮಾತಾಡುವ ಹಾಗಿಲ್ಲ. ಭಯ, ನಾಚಿಕೆ ಒಟ್ಟಿಗೇ ನುಗ್ಗಿದಾಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ. ಆಗ ಮಿದುಳು ಆ ಗಳಿಗೆಯನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪೆಟ್ಟಿನ ಉರಿ ಸಂಜೆಗೆ ಇಳಿಯುತ್ತದೆ. ನಕ್ಕವರು ಮರುದಿನವೂ ಪಕ್ಕದ ಬೆಂಚಿನಲ್ಲೇ ಇರುತ್ತಾರೆ.

ತಪ್ಪೇ ಮಾಡದಿದ್ದರೆ ಇನ್ನೂ ಜಾಸ್ತಿ. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಟೀಚರುಗಳು ಬಂದದ್ದುಂಟು. ಮಲಯಾಳದಲ್ಲಿ ಕೇಳಿದ್ದು ಅರ್ಥವಾಗದೆ ಪಿಳಿಪಿಳಿ ನೋಡುವ ಹುಡುಗಿಯನ್ನು 'ದಡ್ಡಿ' ಅಂದರೆ, ಅವಳು ಭಾಷೆಯನ್ನು ದೂರುವುದಿಲ್ಲ, ತನಗೇ ಬುದ್ಧಿ ಕಡಿಮೆ ಅಂದುಕೊಳ್ಳುತ್ತಾಳೆ. ಮನೆಯಲ್ಲೂ ಹೇಳುವುದಿಲ್ಲ. 'ನೀನೇನು ಮಾಡಿದ್ದೆ?' ಅಂತಲೇ ಮೊದಲು ಕೇಳುವುದು, ಅಲ್ವಾ?

ಅಂದಹಾಗೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.