ವೀಲ್‌ಚೇರ್ ಇರುವುದೊಂದು ಕಡೆ, ನಕ್ಷೆ ತೋರಿಸುವುದೇ ಇನ್ನೊಂದು ಕಡೆ

ಪ್ರಶ್ನೆ: ನಮ್ಮದು ಮೂರು ಮಹಡಿಯ ಆಸ್ಪತ್ರೆ. ವೀಲ್‌ಚೇರ್‌ಗಳಿಗೆ ಬ್ಲೂಟೂತ್ ಟ್ಯಾಗ್ ಅಂಟಿಸಿ, ಕಾರಿಡಾರಿನಲ್ಲಿ ಇಎಸ್‌ಪಿ32 (ವೈಫೈ, ಬ್ಲೂಟೂತ್ ಎರಡೂ ಇರುವ ಸಣ್ಣ ಚಿಪ್) ರಿಸೀವರ್‌ಗಳನ್ನು ಹಾಕಿದ್ದೇವೆ. ಸಿಗ್ನಲ್ ಬಲದಿಂದ ದೂರ ಲೆಕ್ಕಹಾಕಿ ಜಾಗ ಗುರುತಿಸುತ್ತೇವೆ. ನಿಂತ ಕುರ್ಚಿಯೂ ನಕ್ಷೆಯಲ್ಲಿ ಅಲೆದಾಡುತ್ತದೆ, ಮಹಡಿಯೂ ತಪ್ಪುತ್ತದೆ. ಯುಡಬ್ಲ್ಯುಬಿ (ಅಲ್ಟ್ರಾ-ವೈಡ್‌ಬ್ಯಾಂಡ್, ರೇಡಿಯೊ ಅಲೆಯಿಂದ ಜಾಗವನ್ನು ನಿಖರವಾಗಿ ಗುರುತಿಸುವ ತಂತ್ರ) ಹಾಕಿಸಬೇಕೆ?

ಉತ್ತರ: ಈಗಲೇ ಬೇಡ. ಕುರ್ಚಿ ಯಾವ ವಾರ್ಡಿನಲ್ಲಿದೆ ಎಂದು ತಿಳಿದರೆ ನಿಮಗೆ ಸಾಕು. ಮೀಟರ್ ಲೆಕ್ಕಕ್ಕೆ ಕೈಹಾಕಿದ್ದೇ ತೊಂದರೆಯ ಮೂಲ.

ಬಯಲಿನಲ್ಲಿ ಸಿಗ್ನಲ್ 6 ಡೆಸಿಬೆಲ್ ಕುಸಿದರೆ ದೂರ ಇಮ್ಮಡಿಯಾಯಿತು ಎಂದರ್ಥ. ಆಸ್ಪತ್ರೆಯೊಳಗೆ, ನಡುವೆ ಒಬ್ಬ ಅಟೆಂಡರ್ ಬಂದು ನಿಂತರೂ ಅಷ್ಟು ಕುಸಿಯುತ್ತದೆ; 2.4 ಗಿಗಾಹರ್ಟ್ಸ್ ಅಲೆಯನ್ನು ಮೈಯೊಳಗಿನ ನೀರು ಹೀರುತ್ತದೆ. 5 ಮೀಟರಿನಲ್ಲಿದ್ದ ಕುರ್ಚಿ ಲೆಕ್ಕದಲ್ಲಿ 10 ಮೀಟರಿಗೆ ಓಡುತ್ತದೆ. ಯಾರೂ ಅಡ್ಡ ಬರದಿದ್ದರೂ ನೆಮ್ಮದಿಯಿಲ್ಲ. ಟ್ಯಾಗ್ ತನ್ನ ಸಂದೇಶವನ್ನು 2402, 2426, 2480 ಮೆಗಾಹರ್ಟ್ಸ್‌ನ ಮೂರು ಚಾನೆಲ್‌ಗಳಲ್ಲಿ ಕಳಿಸುತ್ತದೆ. ಗೋಡೆಗೆ ಬಡಿದು ಬಂದ ಅಲೆ ಒಂದು ಚಾನೆಲಿನಲ್ಲಿ ನೇರ ಅಲೆಗೆ ಬಲ ಕೊಟ್ಟರೆ ಇನ್ನೊಂದರಲ್ಲಿ ಅದನ್ನೇ ಕುಗ್ಗಿಸುತ್ತದೆ. ನಿಂತ ಕುರ್ಚಿ ಅಲೆದಾಡುವಂತೆ ಕಾಣುವುದು ಇದರಿಂದಲೇ.

ಹಾಗಾಗಿ ದೂರದ ಸೂತ್ರ ಕೈಬಿಡಿ. ರಿಸೀವರ್‌ಗಳನ್ನು ಕಾರಿಡಾರಿನಿಂದ ತೆಗೆದು ವಾರ್ಡಿಗೊಂದರಂತೆ ಒಳಗೆ, ತಲೆಗಿಂತ ಎತ್ತರಕ್ಕೆ, ಸುಮಾರು 2.5 ಮೀಟರಿನಲ್ಲಿ ಹಾಕಿ. ಟ್ಯಾಗ್ ಸೆಕೆಂಡಿಗೊಮ್ಮೆ ಕಳಿಸಲಿ. ಕೊನೆಯ 10 ಓದಿಕೆಗಳ ಸರಾಸರಿ ಬೇಡ, ಏರಿಕೆ ಕ್ರಮದಲ್ಲಿಟ್ಟು ನಡುವಿನ ಬೆಲೆ ತೆಗೆದುಕೊಳ್ಳಿ. ಹೊಸ ವಾರ್ಡಿನ ಬೆಲೆ ಹಳೆಯದಕ್ಕಿಂತ 6 ಡೆಸಿಬೆಲ್ ಹೆಚ್ಚಿದ್ದು, ಸತತ ಮೂರು ಬಾರಿ ಹಾಗೇ ಉಳಿದರೆ ಮಾತ್ರ ಜಾಗ ಬದಲಿಸಿ. ನಕ್ಷೆ ಹತ್ತು ಸೆಕೆಂಡು ತಡವಾದರೆ ವೀಲ್‌ಚೇರ್ ಹುಡುಕುವವರಿಗೆ ನಷ್ಟವೇನಿಲ್ಲ.

ಮಹಡಿ ತಪ್ಪುವುದು ಹೆಚ್ಚಾಗಿ ಮೆಟ್ಟಿಲ ಸುತ್ತಮುತ್ತ. ಕಾಂಕ್ರೀಟ್ ಸ್ಲ್ಯಾಬ್ ತಡೆದರೂ ಮೆಟ್ಟಿಲ ತೆರಪಿನಿಂದ ಸಿಗ್ನಲ್ ಸಲೀಸಾಗಿ ನುಸುಳುತ್ತದೆ. ಅಲ್ಲಿಂದ ರಿಸೀವರ್ ದೂರವಿಡಿ. ಟ್ಯಾಗ್ ಅತಿ ಬಲವಾಗಿ ಕೇಳಿಸಿದ ಮೂರು ರಿಸೀವರ್‌ಗಳಲ್ಲಿ ಎರಡಾದರೂ ಒಂದೇ ಮಹಡಿಯವಾಗಿದ್ದರೆ ಮಾತ್ರ ಆ ಮಹಡಿ ಎಂದು ಒಪ್ಪಿ.

ಎರಡು ಸಣ್ಣ ವಿಷಯ ಯಾರೂ ನೋಡುವುದಿಲ್ಲ. ಟ್ಯಾಗನ್ನು ಸ್ಟೀಲ್ ಪೈಪಿಗೇ ಅಂಟಿಸಿದರೆ ಆಂಟೆನಾದ ಶ್ರುತಿ ತಪ್ಪುತ್ತದೆ. ನಡುವೆ 1–2 ಸೆಂಟಿಮೀಟರ್ ಪ್ಲಾಸ್ಟಿಕ್ ತುಂಡು ಇಡಿ. ಇನ್ನು ಇಎಸ್‌ಪಿ32ರಲ್ಲಿ ವೈಫೈ, ಬ್ಲೂಟೂತ್ ಎರಡಕ್ಕೂ ಇರುವುದು ಒಂದೇ ರೇಡಿಯೊ. ಪ್ರತಿ ಓದಿಕೆಯನ್ನೂ ಆಗಿಂದಾಗಲೇ ಸರ್ವರಿಗೆ ಕಳಿಸುತ್ತಿದ್ದರೆ ಆ ಹೊತ್ತಿನಲ್ಲಿ ಬಂದ ಟ್ಯಾಗುಗಳು ಕೇಳಿಸದೇ ಹೋಗುತ್ತವೆ. ಐದು ಸೆಕೆಂಡಿಗೊಮ್ಮೆ ಒಟ್ಟಾಗಿ ಕಳಿಸಿ.

ಯುಡಬ್ಲ್ಯುಬಿ ಅಳೆಯುವುದು ಬಲವನ್ನಲ್ಲ, ಅಲೆ ಪಯಣಿಸಿದ ಸಮಯವನ್ನು. 1 ನ್ಯಾನೊಸೆಕೆಂಡ್ ಎಂದರೆ 30 ಸೆಂಟಿಮೀಟರ್, ಆದ್ದರಿಂದಲೇ ಅಷ್ಟು ನಿಖರ. ಆದರೆ ನೇರ ದಾರಿ ಮುಚ್ಚಿದರೆ ಅಲ್ಲೂ ದೂರ ಹೆಚ್ಚಾಗಿಯೇ ತೋರುತ್ತದೆ. ಹಾಗಾಗದಿರಲು ಕೋಣೆ ಕೋಣೆಗೂ ಕನಿಷ್ಠ ಮೂರು ಆಂಕರ್ (ಒಂದೇ ಜಾಗದಲ್ಲಿ ಕೂರಿಸುವ ಯುಡಬ್ಲ್ಯುಬಿ ಸಾಧನ), ಅವಕ್ಕೆ ಕರೆಂಟು, ವೈರಿಂಗು ಬೇಕು. ಗೋದಾಮಿನ ಫೋರ್ಕ್‌ಲಿಫ್ಟ್‌ಗೆ ಆ ಖರ್ಚು ಸರಿ; ನಿಮ್ಮ ಕೆಲಸಕ್ಕೆ ವಾರ್ಡಿಗೊಂದು ರಿಸೀವರ್ ಧಾರಾಳವಾಯಿತು.